ಯಾರ ಹೆಬ್ಬೆರಳು?

"ಈ ಮನೆಯೊಳಗೆ ಒಂದೇ ಒಂದು ಸೂಜಿ ಬರಬೇಕಾದ್ರೂ ಅದು ನಾನು ಪರಿಶೀಲಿಸಿದ ಪುಸ್ತಕದ ಅಪ್ಪಣೆ ಪಡೆದೇ ಬರಬೇಕು!"

ಹೀಗೆಂದು ಅಡಿಟಿಪ್ಪಣಿಯವರು ಊಟದ ಮೇಜಿಗೆ ಗುದ್ದಿ ಘೋಷಿಸಿದಾಗ ಲೋಟದ ನೀರು ತುಳುಕಿತು. ಅವರ ಹೆಂಡತಿ ಕತ್ತರಿಯಮ್ಮ ಅದನ್ನು ಎಡಗೈಯಲ್ಲಿ ಒರೆಸಿದರು.

"ನಾನು ಟೈಲರ್ ಕಣ್ರೀ. ಈ ಮನೇಲಿ ಸೂಜಿ ಇಲ್ಲದ ಜಾಗ ಒಂದು ತೋರಿಸಿ, ಹೋಗಿ ಅಲ್ಲೇ ಕೂತ್ಕೋತೀನಿ. ನಿನ್ನೆ ನಿಮ್ಮ ಕುರ್ಚೀಲೇ ಎರಡು ಸಿಕ್ಕಿದ್ವು."

"ಅದು ಬಟ್ಟೆಗೆ ಚುಚ್ಚೋ ಸೂಜಿ. ನಾನು ಹೇಳ್ತಿರೋದು ಮನುಷ್ಯರಿಗೆ ಚುಚ್ಚೋ ಸೂಜಿ!"

"ನಿನ್ನೆ ಅದು ಬಟ್ಟೆಗೆ ಮಾತ್ರ ಚುಚ್ಚಿದ ಹಾಗೆ ಕಾಣ್ಲಿಲ್ಲ. ನೀವು ಅಷ್ಟೆತ್ತರ ಹಾರಿದ್ರಿ."

ಅಡಿಟಿಪ್ಪಣಿ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ ಎಂದು ಬೇರೆ ಹೇಳಬೇಕಿಲ್ಲ. ಸಾರ್ವಜನಿಕ ಗ್ರಂಥಾಲಯದ ಪರಾಮರ್ಶನ ವಿಭಾಗದಲ್ಲಿ ಇಪ್ಪತ್ತೆರಡು ವರ್ಷ ಕೂತದ್ದಕ್ಕೆ ಸಹೋದ್ಯೋಗಿಗಳು ದಯಪಾಲಿಸಿದ ಬಿರುದು ಅದು. ಯಾರಾದರೂ ಬೆವರು ಒರೆಸಿಕೊಳ್ಳುತ್ತಾ "ಇವತ್ತು ಸೆಖೆ ಜಾಸ್ತಿ" ಎಂದರೆ, "ಯಾವತ್ತಿಗೆ ಹೋಲಿಸಿದ್ರೆ? ಆಧಾರ ಏನು?" ಎಂದು ಕೇಳುವ ಮಹಾನುಭಾವರು ಅವರು. ಬಿಸ್ಕತ್ತಿನ ಪೊಟ್ಟಣವನ್ನು ಕೂಡ ಹಿಂಬದಿಯ ಸಣ್ಣಕ್ಷರ ಓದದೆ ಬಿಚ್ಚಿದವರಲ್ಲ.

ನಗಬೇಡಿ. ಅವರ ಕೆಲಸದಲ್ಲಿ ಅವರನ್ನು ಮೀರಿಸುವವರಿರಲಿಲ್ಲ, ಇದನ್ನು ನಾನು ಮನಸಾರೆ ಹೇಳುತ್ತೇನೆ. ನಲ್ಲಿ ರಿಪೇರಿಯವನೊಬ್ಬ ತುಕ್ಕು ಹಿಡಿದ ಹಳೇ ತಿರುಪೊಂದನ್ನು ತಂದು ಮೇಜಿನ ಮೇಲಿಟ್ಟು "ಇದರ ಜೊತೆಗಾರ ಎಲ್ಲಿದ್ದಾನೆ ಸಾರ್?" ಎಂದು ಕೇಳಿದಾಗ, ಮೂರನೇ ಕಪಾಟಿನ ಎರಡನೇ ಸಾಲಿನಿಂದ ಒಂದು ಪುಸ್ತಕ ಎಳೆದು ಸರಿಯಾದ ಪುಟವನ್ನೇ ತೆರೆದು ತೋರಿಸಿದವರು ಅವರು. ಯಾವ ಪುಸ್ತಕ ಕೈಗೆ ಬಂದರೂ ಹಿಂದಿನಿಂದ ತೆರೆಯುತ್ತಿದ್ದರು. ಮೊದಲು ಕೊನೆಯ ಪದಸೂಚಿ, ಆಮೇಲೆ ಆಧಾರಗಳ ಪಟ್ಟಿ, ಆಮೇಲೆ ಬೇಕಾದರೆ ಮಿಕ್ಕದ್ದು. "ಮುಂದಿನ ಪುಟಗಳಲ್ಲಿ ಬರೆದವನು ತನ್ನನ್ನ ಹೊಗಳ್ಕೋತಾನೆ, ಹಿಂದಿನ ಪುಟಗಳಲ್ಲಿ ಸಿಕ್ಕಿಬೀಳ್ತಾನೆ" ಎಂದು ಅವರು ಹೊಸಬರಿಗೆ ಪಾಠ ಹೇಳುತ್ತಿದ್ದರು.

ಈ ಸೂಜಿಯ ಮಾತು ಎದ್ದದ್ದು ಕತ್ತರಿಯಮ್ಮನ ಬಲಗೈಯಿಂದ. ಮನೆಯ ಮುಂದಿನ ಕೋಣೆಯೇ ಅವರ ಅಂಗಡಿ. ಮೂವತ್ತು ವರ್ಷ ದೊಡ್ಡ ಕತ್ತರಿ ಹಿಡಿದ ಹೆಬ್ಬೆರಳು ಎರಡು ತಿಂಗಳಿಂದ ಮುಷ್ಕರ ಹೂಡಿತ್ತು. ಮಣಿಕಟ್ಟಿನಿಂದ ಹೊರಟ ನೋವು ಹೆಬ್ಬೆರಳ ತುದಿಯವರೆಗೆ ಹೋಗಿ, ಅಲ್ಲಿಂದ ಹಿಂದಿರುಗಿ ಮೊಣಕೈವರೆಗೆ ಬರುತ್ತಿತ್ತು. ಅರ್ಧ ಕತ್ತರಿಸಿದ ಕೋಟಿನ ಬಟ್ಟೆಯೊಂದು ಸೀಮೆಸುಣ್ಣದ ಗೆರೆಗಳ ಸಮೇತ ಅಂಗಡಿಯ ಮೇಜಿನ ಮೇಲೆ ಹಾಗೇ ಬಿದ್ದಿತ್ತು. ಮನೆ ಡಾಕ್ಟರು ಪಟ್ಟಿ ಕಟ್ಟಿದರು, ಮಾತ್ರೆ ಕೊಟ್ಟರು, ಕೊನೆಗೆ ತಾವೇ ಹೇಳಿದರು: "ಅಂಚೆ ಕಚೇರಿ ಬೀದೀಲಿ ಆಕ್ಯುಪಂಕ್ಚರ್, ಅಂದ್ರೆ ಸೂಜಿ ಚುಚ್ಚಿ ನೋವು ಇಳಿಸೋ ವಿದ್ಯೆ, ಕಲಿತ ಡಾಕ್ಟರಮ್ಮ ಒಬ್ರು ಇದ್ದಾರೆ. ಒಂದು ಸಲ ತೋರಿಸಿ ನೋಡಿ. ನನ್ನ ಮಾತ್ರೆ ಮಾತ್ರ ನಿಲ್ಲಿಸ್ಬೇಡಿ."

ಆ ಮಾತು ಕೇಳಿ ಮನೆಗೆ ಬಂದ ಮಧ್ಯಾಹ್ನವೇ ಮೇಜು ಗುದ್ದಿಸಿಕೊಂಡದ್ದು.

"ಎರಡು ಸಾವಿರ ವರ್ಷದ ಚೀನೀ ವೈದ್ಯಪದ್ಧತಿ ಅಂತಾರೆ. ಇರಲಿ, ಸಂತೋಷ. ಅದರ ಬಗ್ಗೆ ಯಾರು ಬರೆದಿದ್ದಾರೆ, ಏನು ಬರೆದಿದ್ದಾರೆ, ಯಾವ ಪುಸ್ತಕ ನಂಬಬಹುದು, ಯಾವುದು ತಿಪ್ಪೆಗೆ ಲಾಯಕ್ಕು, ಇಷ್ಟು ತಿಳ್ಕೊಳ್ಳದೆ ನನ್ನ ಹೆಂಡತಿ ಕೈಯನ್ನ ಯಾರ ಕೈಗೂ ಕೊಡೋನಲ್ಲ ನಾನು! ಮೂರು ವಾರ ಕೊಡು."

"ಬೇಗ ಓದಿ ಹೇಳ್ರೀ. ಕೈ ಬಹಳ ನೋಯ್ತಾ ಇದೆ" ಎಂದರು ಕತ್ತರಿಯಮ್ಮ. ಇದನ್ನು ಅಡಿಟಿಪ್ಪಣಿಯವರು ಮೂರು ವಾರಕ್ಕೆ ಒಪ್ಪಿಗೆ ಎಂದು ದಾಖಲು ಮಾಡಿಕೊಂಡರು.

ಅದೃಷ್ಟ ನೋಡಿ, ಮರುದಿನವೇ ಮುಖ್ಯ ಗ್ರಂಥಪಾಲಕರು ಕರೆದು ಅದೇ ಕೆಲಸ ಹಚ್ಚಿದರು! ಅಂಚೆ ಕಚೇರಿ ಬೀದಿಯ ಅದೇ ಡಾಕ್ಟರಮ್ಮನ ಹತ್ತಿರ ಕಲಿಯುವ ವಿದ್ಯಾರ್ಥಿಗಳು ಗ್ರಂಥಾಲಯಕ್ಕೆ ಬಂದು ಆಕ್ಯುಪಂಕ್ಚರಿನ ಆಕರಗ್ರಂಥ ಕೇಳುತ್ತಿದ್ದರಂತೆ. ಕಿಟಕಿ ಪಕ್ಕದ ಕಪಾಟಿನಲ್ಲಿ ಒಂದು ಗೇಣು ಜಾಗ ಖಾಲಿ ಇತ್ತು. ದಪ್ಪ ಪುಸ್ತಕ ನಾಲ್ಕು ಹಿಡಿಯುತ್ತವೆ, ಐದನೆಯದು ತೂರುವುದಿಲ್ಲ. "ನಾಲ್ಕೇ ನಾಲ್ಕು. ಆದರೆ ಅಪ್ಪಟ ಇರಬೇಕು. ನಿಮ್ಮ ವರದಿ ಬಂದ ಮೇಲೇ ತರಿಸೋದು" ಎಂದರು ಮುಖ್ಯರು. ಮನೆಯ ಹಿತ, ನಾಡಿನ ಹಿತ, ಎರಡೂ ಒಂದೇ ಕಪಾಟಿನಲ್ಲಿ ಸೇರಿದ್ದಕ್ಕೆ ಅಡಿಟಿಪ್ಪಣಿಯವರ ಎದೆ ಎರಡು ಅಂಗುಲ ಉಬ್ಬಿತು.

ಬೇಟೆ ಶುರುವಾಯಿತು! ವೈದ್ಯಕೀಯ ಕಾಲೇಜಿನ ಗ್ರಂಥಾಲಯದಲ್ಲಿ ಏಣಿ ಹತ್ತಿದರು. ಹಳೇ ಪುಸ್ತಕದಂಗಡಿಯ ನೆಲಮಾಳಿಗೆಯಲ್ಲಿ ಮೊಣಕಾಲೂರಿ ತೆವಳಿದರು. ಪ್ರಕಾಶಕರಿಗೆ ಪತ್ರ ಬರೆದರು. ಗುರುತಿನವರ ಗುರುತಿನವರನ್ನು ಹಿಡಿದು ಎರವಲು ತಂದರು. ಒಂದು ವಾರದಲ್ಲಿ ಎರಡು ಚೀಲ ಹೊತ್ತು, ಎಡಕ್ಕೊಮ್ಮೆ ಬಲಕ್ಕೊಮ್ಮೆ ವಾಲುತ್ತಾ ಮನೆಗೆ ಬಂದರು. ಹನ್ನೆರಡು ಪುಸ್ತಕ! ಊಟದ ಮೇಜು ಪುಸ್ತಕದ ಪಾಲಾಯಿತು, ತಟ್ಟೆಗಳು ಹೊಲಿಗೆ ಯಂತ್ರದ ಮೇಲಕ್ಕೆ ವಲಸೆ ಹೋದವು.

ಮೊದಲ ಸುತ್ತಿನಲ್ಲಿ ಏಳು ಪುಸ್ತಕಗಳು ಉರುಳಿದವು. ಆ ಸಂಹಾರವನ್ನು ನೋಡಲು ಪುಣ್ಯ ಮಾಡಿರಬೇಕು! ಒಂದಕ್ಕೆ ಪದಸೂಚಿಯೇ ಇರಲಿಲ್ಲ, ಹೋಯಿತು. ಇನ್ನೊಂದು ಬೊಕ್ಕತಲೆಯಿಂದ ಹಿಡಿದು ಕೋರ್ಟು ವ್ಯಾಜ್ಯದವರೆಗೆ ಎಲ್ಲದಕ್ಕೂ ಒಂದೇ ಬಿಂದು ಒತ್ತಲು ಹೇಳುತ್ತಿತ್ತು, ಹೋಯಿತು. ಮತ್ತೊಂದರಲ್ಲಿ ಎಡಗೈಯ ಚಿತ್ರವನ್ನೇ ತಿರುಗಿಸಿ ಅಚ್ಚು ಹಾಕಿ ಬಲಗೈ ಎಂದಿದ್ದರು. ಗಡಿಯಾರ ಕಟ್ಟಿದ್ದ ಕೈ ಅದು, ಗಡಿಯಾರದ ಅಂಕಿಗಳೂ ತಿರುಗಿದ್ದವು! ಅಡಿಟಿಪ್ಪಣಿಯವರು ಭೂತಗನ್ನಡಿ ಹಿಡಿದು ಅದನ್ನು ಪತ್ತೆ ಮಾಡಿದಾಗ ಒಬ್ಬರೇ ಚಪ್ಪಾಳೆ ತಟ್ಟಿಕೊಂಡರು. ಒಂದರಲ್ಲಿ ಲೇಖಕನ ಫೋಟೋ ಹದಿನಾಲ್ಕು, ಆಧಾರ ಸೊನ್ನೆ. ಉಳಿದವು ಒಂದನ್ನೊಂದು ನೋಡಿ ನಕಲು ಹೊಡೆದವು, ತಪ್ಪನ್ನು ಕೂಡ ಬಿಡದೆ.

ಊಟಕ್ಕೆ ಕೂತಾಗ ಹೆಂಡತಿಗೆ ಪ್ರವಚನ. "ನೋಡು ಇವಳೇ, ಬರೆದವರು ಎಲ್ಲಿ ಕಲಿತರು? ಎಷ್ಟು ವರ್ಷ ರೋಗಿಗಳನ್ನ ನೋಡಿದ್ದಾರೆ? ಎಲ್ಲಿ ಚುಚ್ಚಬಾರದು, ಯಾವಾಗ ಆಸ್ಪತ್ರೆಗೆ ಕಳಿಸ್ಬೇಕು ಅಂತ ಹೇಳ್ತಾರಾ? 'ನನಗೆ ಗೊತ್ತಿಲ್ಲ' ಅನ್ನೋ ಮಾತು ಎಲ್ಲಾದ್ರೂ ಇದೆಯಾ? ಆ ಮಾತು ಇದ್ರೆ ಪುಸ್ತಕ ಗಟ್ಟಿ!"

ಕತ್ತರಿಯಮ್ಮ ತುತ್ತು ನಿಲ್ಲಿಸಿ ಕೇಳುತ್ತಿದ್ದರು. ಗಂಡ ಪುಸ್ತಕದ ವಿಷಯ ಮಾತಾಡುವಾಗ ಅವರ ಮುಖ ನೋಡುವುದು ಆಕೆಗೆ ಬಹಳ ಇಷ್ಟ. ಮದುವೆಯಾದಾಗಿನಿಂದ ಅದೊಂದು ಇಷ್ಟ ಕಡಿಮೆಯಾಗಿರಲಿಲ್ಲ.

ಉಳಿದದ್ದು ಐದು. ಜಾಗ ನಾಲ್ಕಕ್ಕೆ. ಹಸಿರು, ನೀಲಿ, ನೇರಳೆ ರಟ್ಟಿನ ಮೂರು ಸಭ್ಯ ಪುಸ್ತಕಗಳು ಯಾವ ತಕರಾರಿಗೂ ಎಡೆಗೊಡದೆ ಒಳಗೆ ಬಂದವು. ಜಗಳವಿದ್ದದ್ದು ಕೆಂಪಿಗೂ ಬೂದಿಗೂ. ಕೆಂಪು ಪುಸ್ತಕ ಮಿರಮಿರ ಮಿಂಚುವ ಕಾಗದದ್ದು, ಪುಟಕ್ಕೊಂದು ಬಣ್ಣದ ಚಿತ್ರ, ಗುಂಡಗಿನ ಅಕ್ಷರ. ಬೂದು ಪುಸ್ತಕ ಇಟ್ಟಿಗೆಯಷ್ಟು ದಪ್ಪ, ಸಾಸಿವೆಯಷ್ಟು ಅಕ್ಷರ, ನೋಡಲು ಸರ್ಕಾರಿ ಕಟ್ಟಡದ ಹಾಗಿತ್ತು. ಆದರೆ ಅದರ ಪದಸೂಚಿ! ಎಪ್ಪತ್ತು ಪುಟ! ಅಡಿಟಿಪ್ಪಣಿಯವರು ಮೊದಲ ದಿನವೇ ಅದಕ್ಕೆ ಮನಸೋತಿದ್ದರು. ಹಾಗೆ ಮನಸೋತದ್ದೇ ಅವರಿಗೆ ಅನುಮಾನ ಹುಟ್ಟಿಸಿತು. ಪರೀಕ್ಷಕ ಪ್ರೀತಿಗೆ ಬೀಳಬಾರದು. ಪರೀಕ್ಷೆ ಆಗಲೇಬೇಕು!

"ಪ್ರಯೋಗ!" ಎಂದು ಕೂಗಿದರು ಭಾನುವಾರ ಬೆಳಗ್ಗೆ. "ಪುಸ್ತಕ ಹೇಳೋದನ್ನ ಮನುಷ್ಯನ ಮೈಮೇಲೆ ಇಟ್ಟು ನೋಡ್ತೀನಿ. ಯಾವುದು ಸುಳ್ಳೋ ಅದು ಹೊರಗೆ!"

"ಚುಚ್ಚೋಕೆ ಹೋಗ್ಬೇಡಿ ಮಾರಾಯ್ರೆ!"

"ಚುಚ್ಚೋನಲ್ಲ, ಗುರುತು ಹಾಕೋನು. ಮನುಷ್ಯ ಬೇಕು. ನಿನ್ನ ತಮ್ಮ ಇವತ್ತು ಊಟಕ್ಕೆ ಬರ್ತಾನಲ್ಲ?"

ಕತ್ತರಿಯಮ್ಮನ ತಮ್ಮ ಈಜು ಮಾಸ್ತರ. ಆರಡಿ ಮೂರಂಗುಲದ ಆಳು, ಬಾಗಿಲಿಗೆ ತಲೆ ಬಗ್ಗಿಸಿ ಬರುವವನು. ಮಕ್ಕಳಿಗೆ ಈಜು ಕಲಿಸುವ ಕೆಲಸ, ಭಾವನ ಮಾತೆಂದರೆ ವೇದವಾಕ್ಯ. ಅಂಗಿ ಬಿಚ್ಚಿ ನಿಲ್ಲು ಎಂದರೆ ನಿಂತ, ಪ್ಯಾಂಟು ಮಡಚು ಎಂದರೆ ಮಡಚಿದ. ಅಡಿಟಿಪ್ಪಣಿಯವರು ಒಂದು ಕೈಯಲ್ಲಿ ಅಡಿಪಟ್ಟಿ, ಇನ್ನೊಂದು ಕೈಯಲ್ಲಿ ಗ್ರಂಥಾಲಯದಿಂದ ತಂದ ಐದು ಬಣ್ಣದ ಪೆನ್ನು ಹಿಡಿದು ರಣರಂಗಕ್ಕಿಳಿದರು. ಪುಸ್ತಕಕ್ಕೊಂದು ಬಣ್ಣ, ಬೂದಿಗೆ ಕಪ್ಪು.

"ಭಾವ, ಈ ಮಸಿ ತೊಳೆದ್ರೆ ಹೋಗುತ್ತಾ?"

"ಹೋಗದೆ ಏನು? ಚರ್ಮ ತಾನೇ!"

ಇಪ್ಪತ್ತೆರಡು ವರ್ಷದಲ್ಲಿ ಅವರು ಆಧಾರವಿಲ್ಲದೆ ಆಡಿದ ಮೊದಲ ಮಾತು ಅದು. ಆ ಪೆನ್ನುಗಳು ಪುಸ್ತಕದ ಬೆನ್ನಿಗೆ ಸಂಖ್ಯೆ ಬರೆಯುವಂಥವು. ಮಳೆ ಬಂದರೂ, ಓದುಗ ಚಹಾ ಚೆಲ್ಲಿದರೂ, ನೂರು ಕೈ ಉಜ್ಜಿದರೂ ಅಳಿಯಬಾರದೆಂದು ಹುಡುಕಿ ಹುಡುಕಿ ತರಿಸಿದ ಮಸಿ.

ಸೂಜಿ ಚುಚ್ಚುವ ಬಿಂದು ಮಣಿಕಟ್ಟಿನ ಗೆರೆಯಿಂದ ಮೇಲಕ್ಕೆ ಎರಡು ಇಂಚು ಎಂದಿತು ಕೆಂಪು ಪುಸ್ತಕ. ಅಡಿಪಟ್ಟಿ ಇಟ್ಟರು, ಕರಾರುವಾಕ್ಕು, ಕೆಂಪು ಚುಕ್ಕಿ. ಎರಡು ಹೆಬ್ಬೆರಳಗಲ ಎಂದವು ಮಿಕ್ಕ ನಾಲ್ಕು. ಹೆಬ್ಬೆರಳನ್ನು ಅಡ್ಡವಾಗಿ ಎರಡು ಸಲ ಇಟ್ಟು ಅಳೆದರು, ನಾಲ್ಕು ಚುಕ್ಕಿ ಒಟ್ಟಿಗೆ ಗುಂಪುಗಟ್ಟಿ ಕೂತವು, ಕೆಂಪಿನಿಂದ ದೂರ. ಯಾರು ಸರಿ, ಯಾರು ತಪ್ಪು? ಮಂಡಿಚಿಪ್ಪಿನ ಕೆಳಗೂ ಅದೇ ಕತೆ. ಭುಜದಲ್ಲೂ ಅದೇ. ಬೆನ್ನಲ್ಲೂ ಅದೇ. ಹುಮ್ಮಸ್ಸು ಏರಿ ಇಪ್ಪತ್ತು ಜಾಗ ಮುಗಿಸುವಷ್ಟರಲ್ಲಿ ಮಾಸ್ತರನ ಮೈಮೇಲೆ ನೂರು ಚುಕ್ಕಿ!

ತೀರ್ಪು ಕೊಟ್ಟದ್ದು ಮುಂದೋಳು. ಮಣಿಕಟ್ಟಿನಿಂದ ಮೊಣಕೈ ಮಡಿಕೆಯವರೆಗೆ ಹನ್ನೆರಡು ಹೆಬ್ಬೆರಳಗಲ ಎಂದು ಬೂದು ಪುಸ್ತಕ ಎದೆ ತಟ್ಟಿ ಹೇಳಿತ್ತು. ಅಡಿಟಿಪ್ಪಣಿಯವರು ಹೆಬ್ಬೆರಳು ಇಡುತ್ತಾ ಇಡುತ್ತಾ ಎಣಿಸಿದರು. ಹನ್ನೆರಡಾಯಿತು, ತೋಳು ಮುಗಿಯಲಿಲ್ಲ. ಹದಿಮೂರು, ಹದಿನಾಲ್ಕು... ಹದಿನೈದೂವರೆ!

"ಸಿಕ್ಕಿಬಿತ್ತು!" ಎಂದು ಕುಣಿದರು. "ಒಂದು ತೋಳು ಎಣಿಸೋಕೆ ಬರದ ಪುಸ್ತಕ ವೈದ್ಯ ಹೇಳೋಕೆ ಹೊರಟಿದೆ! ಎಪ್ಪತ್ತು ಪುಟದ ಪದಸೂಚಿ ಇಟ್ಕೊಂಡು ನನ್ನ ಕಣ್ಣಿಗೇ ಮಣ್ಣೆರಚೋಕೆ ನೋಡ್ತಲ್ಲ!"

ಆ ಸಂಜೆಯೇ ವರದಿ ಸಿದ್ಧವಾಯಿತು. ಒಂದನೇ ಸ್ಥಾನ ಕೆಂಪಿಗೆ: 'ಅಳತೆ ಖಚಿತ, ಅಡಿಪಟ್ಟಿಯಿಂದ ಪರಿಶೀಲಿಸಿದೆ.' ಬೂದು ಪುಸ್ತಕ ತಿರಸ್ಕೃತ: 'ಅಂಕಗಣಿತ ದೋಷ. ತೋಳಿನ ಉದ್ದದಲ್ಲೇ ಮೂರೂವರೆ ಹೆಬ್ಬೆರಳಿನ ವ್ಯತ್ಯಾಸ.' ಮರುದಿನ ಸೋಮವಾರ ಗ್ರಂಥಾಲಯಕ್ಕೆ ರಜೆ. ಅಲ್ಲಿಯವರೆಗೆ ಕಾಯುವ ತಾಳ್ಮೆ ಯಾರಿಗಿದೆ? ಮುಖ್ಯರ ಮನೆಗೇ ಹೋಗಿ ಕೊಟ್ಟು ಬಂದರು.

ಸೋಮವಾರ ಬೆಳಗ್ಗೆ ಕಾಲಮೇಲೆ ಕಾಲು ಹಾಕಿ ಚಹಾ ಕುಡಿಯುತ್ತಿದ್ದಾಗ ಬಾಗಿಲಿಗೆ ತಲೆ ಬಗ್ಗಿಸದೆಯೇ ಮಾಸ್ತರ ನುಗ್ಗಿದ. ಚೌಕಟ್ಟಿಗೆ ಹಣೆ ಬಡಿಯಿತು. ಅದನ್ನು ಲೆಕ್ಕಿಸುವ ಸ್ಥಿತಿಯಲ್ಲಿ ಅವನಿರಲಿಲ್ಲ. ಮೈಮೇಲೆ ಟವೆಲು, ಟವೆಲಿನಡಿ ನೂರು ಚುಕ್ಕಿ, ನೆನೆದು ಇನ್ನಷ್ಟು ಹೊಳೆಯುತ್ತಿದ್ದವು!

"ಭಾವ! ಈಜುಕೊಳ ಖಾಲಿ ಮಾಡಿಸ್ತಿದ್ದಾರೆ!"

"ಯಾಕೋ?"

"ಯಾಕಾ? ನಾನು ಶರಟು ತೆಗೆದು ನೀರಿಗೆ ಇಳಿದೆ ನೋಡಿ, ಒಬ್ಬ ತಾಯಿ 'ಅಯ್ಯೋ, ಬಣ್ಣಬಣ್ಣದ ಸಿಡುಬು!' ಅಂತ ಕಿರುಚಿದ್ರು. ಇಪ್ಪತ್ತಾರು ಮಕ್ಕಳು ಒಂದೇ ಉಸಿರಿಗೆ ದಡ ಸೇರಿದ್ವು ಭಾವ! ಮೂರು ತಿಂಗಳಿಂದ ಕಾಲು ಬಡಿಯೋಕೆ ಬರದ ಮಕ್ಕಳು ಕೂಡ ಈಜಿಬಿಟ್ವು!"

"ಹಾಗಾದ್ರೆ ನಿನ್ನ ಪಾಠ ಫಲಿಸ್ತಲ್ಲಪ್ಪಾ" ಎಂದು ಸಮಾಧಾನ ಹೇಳಲು ನೋಡಿದರು ಅಡಿಟಿಪ್ಪಣಿಯವರು.

"ತಮಾಷೆ ಮಾಡ್ಬೇಡಿ! ಸಂಜೆ ತರಗತಿ ಶುರುವಾಗೋದ್ರೊಳಗೆ ಇದು ಅಂಟುರೋಗ ಅಲ್ಲ ಅಂತ ಡಾಕ್ಟರ ಚೀಟಿ ತರಬೇಕಂತೆ. ಇಲ್ಲದಿದ್ರೆ ಕೊಳದ ಹತ್ತಿರ ಸುಳೀಬೇಡ ಅಂದ್ರು ಮ್ಯಾನೇಜರು. ರಾತ್ರಿ ನಾಲ್ಕು ಸಲ ಸೋಪು ಹಾಕಿ ಉಜ್ಜಿದ್ದೀನಿ. ಚರ್ಮ ಸವೀತು, ಚುಕ್ಕಿ ಸವೀಲಿಲ್ಲ!"

ಕತ್ತರಿಯಮ್ಮ ಎದ್ದು ಸೀಮೆಎಣ್ಣೆಯಲ್ಲಿ ಬಟ್ಟೆ ಅದ್ದಿ ತಂದರು. ತಮ್ಮನನ್ನು ಸ್ಟೂಲಿನ ಮೇಲೆ ಕೂರಿಸಿ ಎಡಗೈಯಲ್ಲಿ ಅವನ ತೋಳು ಹಿಡಿದು, ಬಲಗೈಯಲ್ಲಿ ಬಟ್ಟೆ ಹಿಡಿದು ಗಸಗಸ ಉಜ್ಜತೊಡಗಿದರು. ಮಣಿಕಟ್ಟಿನ ಹತ್ತಿರ ಬಂದಾಗ ಕೈ ನಿಂತಿತು. ಕೆಂಪು ಚುಕ್ಕಿಯನ್ನೊಮ್ಮೆ, ಕಪ್ಪು ಚುಕ್ಕಿಯನ್ನೊಮ್ಮೆ ನೋಡಿದರು.

"ಈ ಕಪ್ಪು ಚುಕ್ಕಿ ಯಾವ ಲೆಕ್ಕದಲ್ಲಿ ಇಟ್ರಿ?"

"ಪುಸ್ತಕ ಹೇಳಿದ ಲೆಕ್ಕದಲ್ಲೇ. ಎರಡು ಹೆಬ್ಬೆರಳಗಲ."

"ಯಾರ ಹೆಬ್ಬೆರಳು?"

ಅಡಿಟಿಪ್ಪಣಿಯವರ ಚಹಾದ ಬಟ್ಟಲು ತುಟಿಯ ಹತ್ತಿರವೇ ನಿಂತಿತು.

"ಯಾರದ್ದು ಅಂದ್ರೆ... ನನ್ನದು. ಅಳೆದವನು ನಾನು ತಾನೇ?"

"ರೀ" ಎಂದರು ಕತ್ತರಿಯಮ್ಮ, ನಗು ತಡೆದುಕೊಳ್ಳುತ್ತಾ. "ನನ್ನ ಅಂಗಡಿಗೆ ಬಂದವರಿಗೆ ನಾನು ನನ್ನ ಅಳತೆಗೆ ಕೋಟು ಹೊಲಿದು ಕೊಡ್ತೀನಾ? ತೋಳು ಯಾರದ್ದೋ ಅಳತೆನೂ ಅವರದ್ದೇ. ನಿಮ್ಮ ಹೆಬ್ಬೆರಳು ಪುಟ ತಿರುಗಿಸಿ ತಿರುಗಿಸಿ ಕಡ್ಡಿ ಆಗಿದೆ. ಇವನದ್ದು ನೋಡಿ, ಒಳ್ಳೇ ಬಾಳೆದಿಂಡು!"

ತಮ್ಮನ ಇನ್ನೊಂದು ಕೈಯ ಹೆಬ್ಬೆರಳನ್ನು ಹಿಡಿದು ಅವನ ತೋಳಿನ ಮೇಲೆ ಅಡ್ಡವಾಗಿ ಇಡುತ್ತಾ ಹೋದರು. ಅಂಚಿಗೆ ಅಂಚು ಸೇರಿಸುವ ಕೈ ಅದು, ಕೂದಲೆಳೆಯಷ್ಟೂ ಆಚೀಚೆ ಆಗಲಿಲ್ಲ. ಮಾಸ್ತರ ತಾನೇ ಎಣಿಸಿದ. ಹತ್ತು, ಹನ್ನೊಂದು, ಹನ್ನೆರಡು. ಮೊಣಕೈ ಮಡಿಕೆ!

ಅಡಿಟಿಪ್ಪಣಿಯವರು ಎದ್ದರು. ಮೇಜಿನ ಮೇಲಿದ್ದ ಬೂದು ಪುಸ್ತಕವನ್ನು ಜೀವನದಲ್ಲಿ ಮೊದಲ ಸಲ ಮುಂದಿನಿಂದ ತೆರೆದರು. ಒಂಬತ್ತನೇ ಪುಟ. ಚೌಕಟ್ಟು ಹಾಕಿ ದಪ್ಪಕ್ಷರದಲ್ಲಿ ಅಚ್ಚಾಗಿತ್ತು: 'ಇಲ್ಲಿ ಹೇಳುವ ಹೆಬ್ಬೆರಳಗಲ ರೋಗಿಯದು, ವೈದ್ಯನದಲ್ಲ. ದೇಹ ದೇಹಕ್ಕೂ ಇದು ಬೇರೆ. ಇದನ್ನು ಇಂಚಿಗೆ ಇಳಿಸಿ ಬರೆದ ಪುಸ್ತಕಗಳನ್ನು ನಂಬಬೇಡಿ.'

ಮೂರನೇ ವಾಕ್ಯವನ್ನು ಎರಡು ಸಲ ಓದಿದರು. ಮುಖ ಕೆಂಪು ಪುಸ್ತಕದ ರಟ್ಟಿನ ಬಣ್ಣಕ್ಕೆ ತಿರುಗಿತು. ಐದು ಪುಸ್ತಕದಲ್ಲಿ ಅತಿ ಒಳ್ಳೆಯದನ್ನು ಹೊರದಬ್ಬಿ, ಅತಿ ಕೆಟ್ಟದ್ದಕ್ಕೆ ಮಾಲೆ ಹಾಕಿದ್ದರು! ನಾಳೆ ಯಾರೋ ವಿದ್ಯಾರ್ಥಿ ಅವರ ಸಹಿ ನಂಬಿ ಅಡಿಪಟ್ಟಿ ಹಿಡಿದು ಮನುಷ್ಯರ ಮೈ ಅಳೆಯುತ್ತಿದ್ದ. ಅವರಿಗೆ ನಿಜವಾಗಿ ನಾಚಿಕೆಯಾಯಿತು. ಆ ನಾಚಿಕೆಯ ನಡುವೆಯೂ ಹೆಂಡತಿಯನ್ನು ನೋಡಿ ಹೆಮ್ಮೆ ತಡೆಯಲಾಗಲಿಲ್ಲ.

"ಇವಳೇ, ನಾನು ಹನ್ನೆರಡು ಪುಸ್ತಕ ಓದಿ ಕೇಳದ ಪ್ರಶ್ನೆ ನೀನು ಒಂದು ಚುಕ್ಕಿ ನೋಡಿ ಕೇಳಿದೆಯಲ್ಲೇ!"

"ಹೊಗಳಿಕೆ ಆಮೇಲೆ. ಮೊದಲು ವರದಿ ವಾಪಸ್ ತಗೊಳ್ಳಿ."

ಫೋನು ಮಾಡಿದರು. ಮುಖ್ಯರು ಖುಷಿಯಾಗಿಯೇ ಎತ್ತಿದರು. "ವರದಿನಾ? ಭರ್ಜರಿಯಾಗಿದೆ ಕಣ್ರೀ! ತಜ್ಞರ ಅಭಿಪ್ರಾಯ ಬೇಕಲ್ಲ, ಬೆಳಗ್ಗೆ ವಾಕಿಂಗಿಗೆ ಹೋದಾಗ ಅಂಚೆ ಕಚೇರಿ ಬೀದಿ ಡಾಕ್ಟರಮ್ಮನ ಕೈಗೇ ಕೊಟ್ಟು ಬಂದೆ!"

ಫೋನು ಇಟ್ಟು ಅಡಿಟಿಪ್ಪಣಿಯವರು ಕುರ್ಚಿಯ ಮೇಲೆ ಕುಸಿದರು. ಸೂಜಿಯೊಂದು ಚುಚ್ಚಿತು. ಈ ಸಲ ಹಾರಲಿಲ್ಲ.

"ಏಳಿ" ಎಂದರು ಕತ್ತರಿಯಮ್ಮ, ಚಪ್ಪಲಿ ಮೆಟ್ಟುತ್ತಾ. "ಇವನಿಗೆ ಚೀಟಿ ಬೇಕು, ನಿಮಗೆ ವರದಿ ಬೇಕು. ಎರಡೂ ಒಂದೇ ಕಡೆ ಇವೆ."

ಅಂಚೆ ಕಚೇರಿ ಬೀದಿಯಲ್ಲಿ ಮೆರವಣಿಗೆ ಹೊರಟಿತು. ಮುಂದೆ ಕತ್ತರಿಯಮ್ಮ ದಾರಿ ಕೇಳದೆ ದಾಪುಗಾಲು ಹಾಕುತ್ತಿದ್ದರು. ಹಿಂದೆ ಸೀಮೆಎಣ್ಣೆಯ ವಾಸನೆ ಬೀರುತ್ತಾ ಟವೆಲು ಹೊದ್ದ ಮಾಸ್ತರ. ಕೊನೆಗೆ ಬೂದು ಪುಸ್ತಕವನ್ನು ಎದೆಗವಚಿಕೊಂಡ ಅಡಿಟಿಪ್ಪಣಿಯವರು.

ಚಿಕಿತ್ಸಾಲಯ ಚಿಕ್ಕದು, ಚೊಕ್ಕದು. ಎರಡು ಬೆಂಚು, ಕೈ ತೊಳೆಯುವ ಬೋಗುಣಿ, ಬಳಸಿದ ಸೂಜಿ ಹಾಕುವ ಮುಚ್ಚಳದ ಡಬ್ಬ. ಡಾಕ್ಟರಮ್ಮನ ಮೇಜಿನ ಮೇಲೆ ಅದೇ ಬೂದು ಪುಸ್ತಕದ ಇನ್ನೊಂದು ಪ್ರತಿ! ಮೂಲೆಗಳೆಲ್ಲ ಸವೆದು ದುಂಡಗಾಗಿದ್ದವು. ಹರಿದ ಬೆನ್ನಿಗೆ ಬಟ್ಟೆಪಟ್ಟಿ ಅಂಟಿಸಿತ್ತು. ಒಳಗೆ ನೂರಾರು ಕಾಗದದ ಚೂರುಗಳು ಇಣುಕುತ್ತಿದ್ದವು. ಇಷ್ಟು ಜನ ಬಳಸಿದ, ಇಷ್ಟು ಜತನದಿಂದ ರಿಪೇರಿ ಮಾಡಿಸಿಕೊಂಡ ಪುಸ್ತಕಕ್ಕಿಂತ ದೊಡ್ಡ ಪ್ರಮಾಣಪತ್ರ ಗ್ರಂಥಪಾಲಕನಿಗೆ ಬೇರೊಂದಿಲ್ಲ. ಅದರ ಪಕ್ಕದಲ್ಲೇ ಅವರ ವರದಿ. 'ಅಂಕಗಣಿತ ದೋಷ' ಎಂಬಲ್ಲಿ ಪೆನ್ಸಿಲಿನ ದೊಡ್ಡ ಪ್ರಶ್ನಾರ್ಥಕ ಚಿಹ್ನೆ.

"ಡಾಕ್ಟ್ರೇ" ಎಂದರು ಅಡಿಟಿಪ್ಪಣಿಯವರು, ನಿಂತೇ. "ದೋಷ ಪುಸ್ತಕದ್ದಲ್ಲ. ನನ್ನ ಹೆಬ್ಬೆರಳಿನದ್ದು."

ಎಲ್ಲವನ್ನೂ ಒಪ್ಪಿಕೊಂಡರು, ಒಂದು ಚುಕ್ಕಿ ಕೂಡ ಮುಚ್ಚಿಡದೆ. ಚುಕ್ಕಿಗಳನ್ನು ಮುಚ್ಚಿಡುವುದು ಸಾಧ್ಯವೂ ಇರಲಿಲ್ಲ, ಮಾಸ್ತರ ಟವೆಲು ತೆಗೆದು ನಿಂತಿದ್ದ. ಡಾಕ್ಟರಮ್ಮ ಅವನ ಬೆನ್ನು ನೋಡಿದರು, ತೋಳು ನೋಡಿದರು, ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕರು.

"ಸಾರ್, ನಲವತ್ತು ವರ್ಷದ ಹಿಂದೆ ನಮ್ಮ ಗುರುಗಳ ತರಗತೀಲಿ ನಾನೂ ಇದೇ ತಪ್ಪು ಮಾಡಿದ್ದೆ. ಆದ್ರೆ ಸೀಮೆಸುಣ್ಣದಲ್ಲಿ!"

ಮಾಸ್ತರನಿಗೆ ಚೀಟಿ ಬರೆದರು: 'ಇವರ ಮೈಮೇಲಿರುವುದು ಕಾಯಿಲೆಯಲ್ಲ, ಗ್ರಂಥಾಲಯದ ಮಸಿ. ಅಂಟುವುದಿಲ್ಲ. ಅಳಿಯುವುದೂ ಇಲ್ಲ.' ಅವನು ಅದನ್ನು ಕಣ್ಣಿಗೊತ್ತಿಕೊಂಡು ಈಜುಕೊಳದ ಕಡೆ ಓಡಿದ. ಹೋಗುವಾಗ ಬಾಗಿಲಿಗೆ ತಲೆ ಬಗ್ಗಿಸಿದ.

ಡಾಕ್ಟರಮ್ಮ ವರದಿಯ ಹಾಳೆ ತಿರುಗಿಸಿದರು. "ಒಂದು ಮಾತು ಹೇಳ್ತೀನಿ ಸಾರ್. ಬೂದು ಪುಸ್ತಕದ ವಿಷಯ ಬಿಟ್ರೆ ಇದು ಚಿನ್ನದಂಥ ವರದಿ. ನೀವು ತಳ್ಳಿಹಾಕಿದ ಏಳರಲ್ಲಿ ನಾಲ್ಕು ನನ್ನ ವಿದ್ಯಾರ್ಥಿಗಳ ಚೀಲದಲ್ಲಿವೆ. ತಿರುಗಿದ ಗಡಿಯಾರದ ಚಿತ್ರ ಇದೆಯಲ್ಲ, ಅದನ್ನ ಹತ್ತು ವರ್ಷದಿಂದ ನೋಡ್ತಿದ್ದೀನಿ, ನನ್ನ ಕಣ್ಣಿಗೆ ಬಿದ್ದಿರ್ಲಿಲ್ಲ! ಬೂದು ಮೇಲೆ ಬರಲಿ, ಕೆಂಪು ಹೊರಗೆ ಹೋಗಲಿ. ಮಿಕ್ಕದ್ದನ್ನ ನಾನು ತರಗತೀಲಿ ಓದಿಸ್ತೀನಿ."

ಕುಸಿದಿದ್ದ ಎದೆ ಮತ್ತೆ ಉಬ್ಬಲು ಇಷ್ಟು ಸಾಕಾಯಿತು! ಅಡಿಟಿಪ್ಪಣಿಯವರು ತಮ್ಮ ಕೈಯಾರೆ ಪಟ್ಟಿ ತಿದ್ದಿ ಸಹಿ ಹಾಕಿದರು. ಗಂಟಲು ಸರಿಮಾಡಿಕೊಂಡರು. ಹೆಂಡತಿಯ ಹೆಗಲ ಮೇಲೆ ಕೈಯಿಟ್ಟು, ಪಟ್ಟಾಭಿಷೇಕ ಮಾಡುವವರ ಗತ್ತಿನಲ್ಲಿ ಸಾರಿದರು:

"ಡಾಕ್ಟ್ರೇ, ಹನ್ನೆರಡು ಗ್ರಂಥ ಶೋಧಿಸಿದ್ದೀನಿ. ನಿಮ್ಮ ಮೇಜಿನ ಮೇಲಿರೋ ಪುಸ್ತಕ ನೋಡಿದೆ, ಸೂಜಿ ಡಬ್ಬ ನೋಡಿದೆ. ನನಗೆ ಪೂರ್ತಿ ತೃಪ್ತಿಯಾಗಿದೆ. ನನ್ನ ಹೆಂಡತಿಯ ಕೈಗೆ ಚಿಕಿತ್ಸೆ ಶುರು ಮಾಡೋಕೆ ನಾನು ಈ ಮೂಲಕ ಒಪ್ಪಿಗೆ ಕೊಡ್ತಿದ್ದೀನಿ!"

ಡಾಕ್ಟರಮ್ಮ ಅವರನ್ನೊಮ್ಮೆ, ಕತ್ತರಿಯಮ್ಮನನ್ನೊಮ್ಮೆ ನೋಡಿದರು.

"ಶುರು? ಇವತ್ತು ಇವರದ್ದು ಏಳನೇ ಸಲ ಸಾರ್."

ಅಡಿಟಿಪ್ಪಣಿಯವರ ಕೈ ಹೆಗಲ ಮೇಲಿಂದ ತಾನಾಗಿ ಜಾರಿತು.

"ಮೊದಲ ದಿನ ಬಂದಾಗ ಇವರು ಇಡೀ ಒಂದು ಗಂಟೆ ನನ್ನನ್ನ ಪರೀಕ್ಷೆ ಮಾಡಿದ್ರು. ಎಲ್ಲಿ ಕಲಿತಿರಿ, ಎಷ್ಟು ವರ್ಷದಿಂದ ರೋಗಿಗಳನ್ನ ನೋಡ್ತಿದ್ದೀರಿ, ಯಾವ ನೋವಿಗೆ ನಿಮ್ಮ ಹತ್ರ ಬರಬಾರದು, ಗುಣ ಕಾಣದಿದ್ರೆ ಎಲ್ಲಿಗೆ ಕಳಿಸ್ತೀರಿ. ನನ್ನ ಜನ್ಮದಲ್ಲಿ ಯಾವ ರೋಗಿಯೂ ಹಾಗೆ ಕೇಳಿರ್ಲಿಲ್ಲ! 'ಇದಕ್ಕೆ ಉತ್ತರ ನನಗೆ ಗೊತ್ತಿಲ್ಲಮ್ಮ' ಅಂತ ನಾನು ಒಂದು ಕಡೆ ಅಂದಾಗ, 'ಹಾಗಾದ್ರೆ ಸರಿ, ಚುಚ್ಚಿ' ಅಂತ ಕೈ ಚಾಚಿದ್ರು."

ಕತ್ತರಿಯಮ್ಮ ಆಗಲೇ ಕುರ್ಚಿಯಲ್ಲಿ ಕೂತು ರವಿಕೆಯ ತೋಳು ಮಡಚಿಕೊಳ್ಳುತ್ತಿದ್ದರು. ಹೆಬ್ಬೆರಳನ್ನು ಮಡಿಸಿದರು, ಬಿಡಿಸಿದರು. ಪೂರ್ತಿ ವಾಸಿಯಾಗಿರಲಿಲ್ಲ, ಆದರೆ ಕೋಟಿನ ಬಟ್ಟೆ ಕತ್ತರಿಸಿ, ಹೊಲಿದು, ಕೊಟ್ಟು ನಾಲ್ಕು ದಿನವಾಗಿತ್ತು. ಅಂಗಡಿಯ ಮೇಜು ಬರಿದಾದದ್ದನ್ನು ಗಡಿಯಾರದ ಅಂಕಿ ಕಂಡುಹಿಡಿದ ಕಣ್ಣು ಕಂಡಿರಲಿಲ್ಲ.

ಅಡಿಟಿಪ್ಪಣಿಯವರು ಪಕ್ಕದ ಬೆಂಚಿನ ಮೇಲೆ ಕೂತರು. ಒಳಗಿದ್ದದ್ದು ಹೆಮ್ಮೆಯೋ, ಅವಮಾನವೋ, ಸಂತೋಷವೋ ಅವರಿಗೇ ತಿಳಿಯಲಿಲ್ಲ. ಮೂರೂ ಇದ್ದವು.

"ಏಳು ಸಲ! ನನಗೆ ಒಂದು ಮಾತು ಹೇಳ್ಬಾರದಿತ್ತೇನೇ?"

"ಹೇಳಿದೆನಲ್ಲ, ಮೂರು ಸಲ ಹೇಳಿದೆ" ಎಂದರು ಕತ್ತರಿಯಮ್ಮ, ಡಾಕ್ಟರಮ್ಮನ ಕಡೆಗೆ ಕೈ ನೀಡುತ್ತಾ. "ಮೂರು ಸಲಾನೂ ನೀವು ತಲೆ ಎತ್ತದೆ 'ಹೂಂ, ಯಾವ ಪುಟ?' ಅಂದ್ರಿ."